ಉಳಿದದ್ದು ಒಂಬತ್ತು ಕ್ಲಿಪ್

ಮೇ 21, ಬೆಳಿಗ್ಗೆ 11
ಪಾಸ್‌ಪೋರ್ಟ್ ಫೋಟೋ ಆರು ಜನಕ್ಕೆ. ಒಂದು ಲ್ಯಾಮಿನೇಶನ್. ಆಮೇಲೆ ಶೆಟ್ಟಿಕೊಪ್ಪದವರ ಮದುವೆ ವಿಡಿಯೋ ಎಡಿಟ್‌ಗೆ ಕೂತೆ. ಹಾರ್ಡ್ ಡಿಸ್ಕ್ ಹಾಕಿದರೆ — ಟಕ್... ಟಕ್... ಟಕ್. ಕಂಪ್ಯೂಟರಿನಲ್ಲಿ ಕಾಣುವುದೇ ಇಲ್ಲ. ಕೇಬಲ್ ಬದಲಾಯಿಸಿದೆ. ಲ್ಯಾಪ್‌ಟಾಪಿಗೆ ಹಾಕಿದೆ. ಮತ್ತೆ ಮತ್ತೆ ಹಾಕಿದೆ. ಅದೇ ಟಕ್ ಟಕ್.
ಕ್ಯಾಮೆರಾ ಕಾರ್ಡ್ ಹೋದ ವಾರವೇ ಫಾರ್ಮ್ಯಾಟ್ ಮಾಡಿ ಗೃಹಪ್ರವೇಶವೊಂದಕ್ಕೆ ಒಯ್ದಿದ್ದೆ. ಎರಡನೇ ಕಾಪಿ ಇಲ್ಲ. ಹದಿನಾಲ್ಕು ವರ್ಷ ಸ್ಟುಡಿಯೋ ನಡೆಸಿ ಇಷ್ಟೂ ಬುದ್ಧಿ ಇಲ್ಲ.

ಅದೇ ದಿನ, 3 ಗಂಟೆ
ಬೇಡ ಬೇಡ ಅಂದುಕೊಂಡ ಫೋನೇ ಬಂತು. ಆ ಮದುವೆಯ ಮದುಮಗಳು ಕೃತಿಕಾ. ಈಗ ಶೃಂಗೇರಿಯಲ್ಲಿ ಸಂಸಾರ. ಮದುವೆಯಾದ ಹನ್ನೆರಡನೇ ದಿನ ಅವಳ ಅಪ್ಪ ಷಡಕ್ಷರಿಯವರು ತೀರಿಕೊಂಡರು. ಹಾರ್ಟು. ನಾನೂ ಮಣ್ಣಿಗೆ ಹೋಗಿದ್ದೆ.
ಆಲ್ಬಮ್ ಬೇಡವಂತೆ, ಹಾಡು ಹಾಕುವುದೂ ಬೇಡವಂತೆ. ಅಪ್ಪ ಇರುವುದಷ್ಟೇ ಸಾಕಂತೆ.
“ಹೆಣ್ಣು ಒಪ್ಪಿಸುವಾಗ ಅಪ್ಪ ನನ್ನ ಕಿವೀಲಿ ಎಂತದೋ ಹೇಳಿದ್ರು ಯೋಗೇಂದ್ರಣ್ಣ. ಅಳ್ತಾ ಇದ್ದೆ, ಕೇಳಿಸ್ಲೇ ಇಲ್ಲ. ನಿಮ್ಮ ಮೈಕಿಗೆ ಬಿದ್ದಿರುತ್ತಾ?”
ಎಡಿಟಿಂಗ್ ನಡೀತಾ ಇದೆ ಅಂದೆ.

ಮೇ 22
ಬೈಕಿನಲ್ಲಿ ಎನ್.ಆರ್.ಪುರ. ಕಂಪ್ಯೂಟರ್ ರಿಪೇರಿಯ ಇಸ್ರಾರ್ ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದ, ಡಾಕ್ಟರ ಹಾಗೆ. ಎಷ್ಟು ಸಲ ಆನ್ ಮಾಡಿದ್ರಿ ಅಂತ ಕೇಳಿದ. ಇಪ್ಪತ್ತು ಸಲ ಇರಬಹುದು ಅಂದೆ. ಮುಖ ಆಚೆ ತಿರುಗಿಸಿದ. ಒಳಗೆ ಓದುವ ಮುಳ್ಳು ಕೆಟ್ಟಿದೆಯಂತೆ, ಆನ್ ಮಾಡಿದಷ್ಟೂ ಸಲ ತಟ್ಟೆಯನ್ನು ಕೆರೆದಿದೆಯಂತೆ. ಅಂದರೆ ಉಳಿದದ್ದನ್ನೂ ನಾನೇ ಕೆರೆದು ಹಾಕಿದೆ.
ಬಿಟ್ಟು ಹೋಗಿ, ನೋಡ್ತೀನಿ, ಆಸೆ ಇಟ್ಕೋಬೇಡಿ ಅಂದ.

ಜೂನ್ 9
ಎಡಗೈಯಲ್ಲಿ ಬರೆಯುತ್ತಿದ್ದೇನೆ.
ಮೂರು ವಾರ ಸುಳ್ಳು ಹೇಳಿದೆ. ಕರೆಂಟ್ ಇಲ್ಲ, ಹುಷಾರಿಲ್ಲ, ಮುಗೀತಾ ಬಂತು... ಇವತ್ತು ಕೃತಿಕಾಳ ಅಣ್ಣ ವೀರೇಶನೇ ಬಂದ. ನನಗೂ ಸುಳ್ಳು ಸಾಕಾಗಿತ್ತು. ಎಲ್ಲ ಹೇಳಿಬಿಟ್ಟೆ.
ವೀರೇಶ ಶಟರ್ ಅರ್ಧ ಎಳೆದ. ಮಾನಿಟರ್ ಎತ್ತಿ ನೆಲಕ್ಕೆ ಹೊಡೆದ. ಆಮೇಲೆ ಪ್ರಿಂಟರ್. ತಡೆಯಲು ಹೋದೆ — ಮುಖಕ್ಕೆ ಗುದ್ದಿದ. ಬಾಯಲ್ಲಿ ರಕ್ತ, ಹಲ್ಲಿನ ಚೂರು. ಬಲಗೈ ಹಿಡಿದು ಮೇಜಿನ ಡ್ರಾಯರ್ ಒಳಗಿಟ್ಟು ಕಾಲಲ್ಲಿ ಒದ್ದ. ಎರಡು ಸಲ. ಬೆರಳು ಮುರಿದ ಸದ್ದು ನನಗೇ ಕೇಳಿಸಿತು.
“ಈ ಕೈಯಲ್ಲೇ ತಾನೇ ಅಪ್ಪನ್ನ ಅಳಿಸಿದ್ದು?”
ಎಡಗೈಗೆ ಟ್ರೈಪಾಡ್ ಸಿಕ್ಕಿತು. ಬೀಸಿದೆ. ಕಿವಿ ಮೇಲೆ ಬಿತ್ತು. ಮೊಣಕಾಲೂರಿ ಕುಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮತ್ತೆ ಅದೇ ಕಿವಿಗೆ ಹೊಡೆದೆ. ಮೊದಲನೆಯದು ಜೀವ ಉಳಿಸಿಕೊಳ್ಳಲು. ಎರಡನೆಯದು ಹಾಗಲ್ಲ. ಇಲ್ಲಾದರೂ ನಿಜ ಬರೆಯಬೇಕು.

ಜೂನ್ 11
ಎರಡು ಬೆರಳು ಮುರಿದಿವೆ. ಪ್ಲಾಸ್ಟರ್. ವೀರೇಶನನ್ನು ಶಿವಮೊಗ್ಗಕ್ಕೆ ಒಯ್ದರಂತೆ. ಹನ್ನೊಂದು ಹೊಲಿಗೆ. ಎಡಗಿವಿ ಇನ್ನು ಕೇಳುವುದಿಲ್ಲವಂತೆ. ಬಚ್ಚಲಲ್ಲಿ ಜಾರಿದೆ ಅಂತ ಆಸ್ಪತ್ರೆ ಚೀಟಿಯಲ್ಲಿ ಬರೆಸಿದ್ದಾನಂತೆ. ನಾನೂ ಬಾಗಿಲಿಗೆ ಸಿಕ್ಕಿತು ಅಂತಲೇ ಬರೆಸಿದ್ದೆ.

ಜೂನ್ 18
ಇಸ್ರಾರ್ ಫೋನ್. ಓಡಿದೆ, ಅಂದರೆ ಬಸ್ಸಿನಲ್ಲಿ. ಡಿಸ್ಕ್ ಪೂರ್ತಿ ಸತ್ತಿದೆ. ಸಾಯುವ ಮೊದಲು ಒಂಬತ್ತು ಕ್ಲಿಪ್ ಬಂದಿವೆ. ಎಂಟರಲ್ಲಿ ಹೂವಿನ ಅಲಂಕಾರ, ಊಟದ ಪಂಕ್ತಿ, ಬೆನ್ನು ತಿರುಗಿಸಿದ ಜನ. ಒಂಬತ್ತನೆಯದನ್ನು ಹಾಕುವ ಮೊದಲು ಇಸ್ರಾರ್ ಅಂಗಡಿ ಬಾಗಿಲು ಮುಂದೆ ಮಾಡಿದ.
ಅಡುಗೆ ಮನೆ ಹಿಂಭಾಗ. ಕ್ಯಾಮೆರಾ ಆಫ್ ಮಾಡದೆ ಮೇಜಿನ ಮೇಲಿಟ್ಟು ಊಟಕ್ಕೆ ಹೋಗಿದ್ದೆ ಅಂತ ಕಾಣುತ್ತದೆ. ಷಡಕ್ಷರಿಯವರು. ಎದುರಿಗೆ ವೀರೇಶ, ನಿಲ್ಲಲೂ ಆಗದಷ್ಟು ಕುಡಿದಿದ್ದಾನೆ. ಮಗನ ಕೆನ್ನೆಗೆ ಏಟು. ಇನ್ನೊಂದು. ಮತ್ತೊಂದು. ಅವನು ಕೈ ಎತ್ತುವುದಿಲ್ಲ.
“ತಂಗಿ ಮದುವೆ ದಿನವೂ ಹೀಗೆ ಬಂದ್ಯಲ್ಲ. ನನ್ನ ಹೆಣ ಎತ್ತೋ ದಿನವೂ ಹೀಗೇ ಬಾ.”
ಇಷ್ಟೇ. ಮೂವತ್ತೊಂದು ಸೆಕೆಂಡ್. ಷಡಕ್ಷರಿಯವರ ದನಿ ಇರುವುದು ಇದೊಂದರಲ್ಲೇ.
ಅಳಿಸಿಬಿಡಲಾ ಅಂತ ಇಸ್ರಾರ್ ಕೇಳಿದ. ಬೇಡ ಅಂದೆ. ಪುಣ್ಯಕ್ಕಲ್ಲ. ವೀರೇಶನ ನೆಂಟರಿಗೆಲ್ಲ ಕಳಿಸಿಬಿಡಬೇಕು ಅನ್ನಿಸಿತ್ತು. ಬಸ್ಸಿನಲ್ಲಿ ಬಾಳೆಹೊನ್ನೂರು ಬರುವವರೆಗೂ ಅದೇ ಖುಷಿ. ಆಮೇಲೆ ಫೋನ್ ಜೇಬಿಗಿಟ್ಟೆ.

ಜೂನ್ 19
ಕಳಿಸಲಿಲ್ಲ. ವೀರೇಶನಿಗೆ ಫೋನ್ ಮಾಡಿದೆ. ಒಂದು ಕ್ಲಿಪ್ ಸಿಕ್ಕಿದೆ, ನಿನ್ನೊಬ್ಬನಿಗೇ ತೋರಿಸ್ತೀನಿ, ಆಮೇಲೆ ನೀನು ಹೇಳಿದ ಹಾಗೆ ಅಂದೆ.

ಜೂನ್ 20, 4 ಗಂಟೆ
ಬಂದಿದ್ದಾನೆ. ತಲೆಗೆ ಬ್ಯಾಂಡೇಜ್. ನಾನು ಮಾತಾಡಿದರೆ ಬಲಗಿವಿ ತಿರುಗಿಸುತ್ತಾನೆ. ಇಬ್ಬರೂ ಕ್ಷಮೆ ಕೇಳಲಿಲ್ಲ.
ಲ್ಯಾಪ್‌ಟಾಪಿನಲ್ಲಿ ಹಾಕಿ ಕೊಟ್ಟೆ. ನೋಡಿದ. ಮತ್ತೆ ಹಾಕು ಅಂದ. ಮತ್ತೆ. ಏಟು ಬಿದ್ದಾಗಲೆಲ್ಲ ಇಲ್ಲಿ ಕೂತವನ ಕೆನ್ನೆ ಅದುರುತ್ತದೆ.
“ಹಾಗೇ ಹೋಗಿದ್ದೆ ಮಾರಾಯ. ಹೆಣ ಎತ್ತೋ ದಿನ. ಹೆಗಲು ಕೊಡೋಕೆ ಬಿಡ್ಲಿಲ್ಲ ನನ್ನ.”
ಅಳಿಸಲಾ ಅಂದೆ. ತಲೆ ಆಡಿಸಿದ, ಬೇಡ ಅಂತ. ಆಮೇಲೆ ನನ್ನ ಎದುರೇ ಕೃತಿಕಾಗೆ ಫೋನ್ ಮಾಡಿದ. ಅಪ್ಪನ ದನಿ ಸಿಕ್ಕಿದೆ ಬಾ, ನನಗೆ ಬೈದದ್ದು, ಆದರೂ ಅಪ್ಪನದೇ ದನಿ ಅಂದ.

5.40
ನಾನು ಕೌಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವನು ಒಳಗೆ. ಎಷ್ಟನೇ ಸಲವೋ. ಏಟು, ಏಟು, ಏಟು, ಆ ಮಾತು. ಸೌಂಡ್ ಪೂರ್ತಿ ಇಟ್ಟಿದ್ದಾನೆ.
ಕೃತಿಕಾ ಬಂದಳು. ನನ್ನ ಕೈ ನೋಡಿದಳು, ಅಣ್ಣನ ತಲೆ ನೋಡಿದಳು. ವೀರೇಶ ಎದ್ದು ಕುರ್ಚಿ ಬಿಟ್ಟುಕೊಟ್ಟ. ಗೋಡೆಗೆ ಒರಗಿ ನಿಂತಿದ್ದಾನೆ. ಅವಳಿಗೆ ಎಲ್ಲಿ ಒತ್ತಬೇಕೋ ಗೊತ್ತಾಗುತ್ತಿಲ್ಲ. ಅವನು ಹೇಳುತ್ತಿಲ್ಲ. ನಾನೇ ಎದ್ದು ಹೋಗಿ ಪ್ಲೇ ಒತ್ತಬೇಕು.