ನವಮಿಯ ದಿನ ಆರದ ಕಂಪ್ಯೂಟರ್

॥ ಶ್ರೀ ಚೌಡೇಶ್ವರಿ ಪ್ರಸನ್ನ ॥

ಶಹಾಪುರ, ಇಚಲಕರಂಜಿ
ಶನಿವಾರ, ೧೧ ಅಕ್ಟೋಬರ್ ೨೦೨೫

ಗಡಹಿಂಗ್ಲಜದ ಬಾಳಕ್ಕಾವರಿಗೆ, ನಿಮ್ಮ ತಮ್ಮನ ಹೆಂಡತಿ ಸುವರ್ಣಾ ಪಾದ ಮುಟ್ಟಿ ಮಾಡುವ ನಮಸ್ಕಾರ.

ದೇವಿಯ ದಯೆಯಿಂದ ನಾವು ಮೂವರೂ ಆರಾಮ ಇದ್ದೇವೆ. ನಿಮ್ಮ ತಮ್ಮನಿಗೆ ಕೆಮ್ಮು ಮೊದಲಿನಷ್ಟಿಲ್ಲ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೆ ಪತ್ರ ಬರೆದೆ. ಬಟ್ಟೆಯ ಗಂಟು ಹಾಕಿಕೊಂಡು ನಿಮ್ಮೂರ ಸಂತೆಗೆ ಬರುವ ಟೆಂಪೋದ ತಾನಾಜಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಪ್ರಾಜಕ್ತಾ ಈಗಷ್ಟೇ ಬಂದು ಬಗ್ಗಿ ನೋಡಿ, "ಏನ್ ಬರಿಯಾಕತ್ತೀ ಅವ್ವಾ, ಇಷ್ಟುದ್ದ?" ಎಂದಳು. ಹಬ್ಬದ ಕ್ಷೇಮಸಮಾಚಾರ ಎಂದೆ. ಮರಾಠಿ ಸಾಲಿಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಕನ್ನಡ ಓದಲು ಬಾರದಿರುವುದು ಇಂಥ ಹೊತ್ತಿಗೆ ಒಳ್ಳೆಯದೇ ಆಗುತ್ತದೆ.

ಸುತ್ತಿಬಳಸಿ ಬರೆಯುವುದು ನನಗೆ ಬರುವುದಿಲ್ಲ. ನಿಮ್ಮ ಅಂಗಡಿಯ ಕಂಪ್ಯೂಟರಿನ ಮುಂದೆ ಪ್ರಾಜಕ್ತಾಗೆ ಅರ್ಧ ದಿನ ಕೂರಲು ಬಿಡಬೇಕು. ಲಕ್ಷ್ಮೀಪೂಜೆಗಿಂತ ಮೊದಲೇ ಬಿಡಬೇಕು. ಇಷ್ಟೇ ನನ್ನ ಬೇಡಿಕೆ. ಯಾಕೆ ಎಂಬುದನ್ನು ಕೆಳಗೆ ಬರೆದಿದ್ದೇನೆ, ನಿಮ್ಮ ಯಜಮಾನರಾದ ಅಣ್ಣಾವರಿಗೂ ಓದಿ ಹೇಳಿ.

ಅವಳು ಕೊಲ್ಹಾಪುರದಲ್ಲಿ ಏನು ಕಲಿಯುತ್ತಾಳೆ ಎಂದು ನೀವು ಹಿಂದೆ ಕೇಳಿದಾಗ ನನಗೇ ತಿಳಿದಿರಲಿಲ್ಲ. ಈಗ ಒಂದಿಷ್ಟು ತಿಳಿದಿದೆ. ದೊಡ್ಡ ಲೆಕ್ಕ ಮಾಡಲು ದೊಡ್ಡ ಯಂತ್ರ ಬೇಕು, ಅದು ದೊಡ್ಡವರ ಹತ್ತಿರ ಮಾತ್ರ ಇರುತ್ತದೆ. ಆದರೆ ನಮ್ಮ ಮಗ್ಗದ ಆಫೀಸುಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ, ಟೈಪಿಂಗ್ ಕ್ಲಾಸುಗಳಲ್ಲಿ ಎಷ್ಟು ಕಂಪ್ಯೂಟರುಗಳು ಸುಮ್ಮನೆ ಹತ್ತಿಕೊಂಡು ಕೂತಿರುತ್ತವೆ. ಅವನ್ನೆಲ್ಲ ಒಂದಕ್ಕೊಂದು ಜೋಡಿಸಿ, ಖಾಲಿ ಹೊತ್ತಿನಲ್ಲಿ ಒಂದೊಂದಕ್ಕೆ ಒಂದೊಂದು ಪಾಲು ಲೆಕ್ಕ ಹಂಚುವುದು ಅವಳ ಸಂಶೋಧನೆ. ನಡುವೆ ಮುಖ್ಯಸ್ಥ ಅಂತ ಯಾವ ಯಂತ್ರವೂ ಇಲ್ಲ. ನಿಮ್ಮ ಹೊಲದಲ್ಲಿ ಮುಯ್ಯಿಗೆ ಬರುತ್ತಾರಲ್ಲ, ಇಂದು ನಿಮ್ಮ ಹೊಲ ನಾಳೆ ನಮ್ಮ ಹೊಲ ಎಂದು, ಹಾಗೆ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೆಲಸ ಹಂಚಿಕೊಳ್ಳುತ್ತವೆ. ಪಂಚಗಂಗೆಗೆ ಮಹಾಪೂರ ಬಂದರೆ ಯಾವ ಓಣಿಯವರೆಗೆ ನೀರು ಏರೀತು ಎಂಬ ಲೆಕ್ಕವನ್ನು ಈ ವರ್ಷ ಹಾಕಿಸುತ್ತಿದ್ದಳು. ಜೂನಿನಲ್ಲಿ ಶುರುವಾದದ್ದು ಇನ್ನೇನು ಮುಗಿಯುವುದರಲ್ಲಿತ್ತು.

ಅಣ್ಣಾವರಿಗೆ ಮೊದಲಿನಿಂದ ಒಂದು ಸಂಶಯ, ತಮ್ಮ ಅಂಗಡಿಯ ಲೆಕ್ಕ ಬೇರೆಯವರು ನೋಡುತ್ತಾರೇನೋ ಎಂದು. ಅದು ಆಗುವುದಿಲ್ಲ. ಕಂಪ್ಯೂಟರಿನ ಒಳಗೆ ಇವಳು ಇನ್ನೊಂದು ಕಂಪ್ಯೂಟರ್ ಮಾಡಿ ಇಟ್ಟಿದ್ದಾಳೆ. "ಅದು ಕಬ್ಬಿಣದ್ದಲ್ಲ ಅವ್ವಾ, ಬರೇ ಲೆಕ್ಕದ್ದು" ಎನ್ನುತ್ತಾಳೆ. ಬಾಡಿಗೆಯವರಿಗೆ ಕೊಟ್ಟ ಹಿಂದಿನ ಕೋಣೆ ಇದ್ದಂತೆ, ಅದರ ಬಾಗಿಲು ಹೊರಗೆ. ಒಳಮನೆಗೆ ದಾರಿಯೇ ಇಲ್ಲ. ಅದರಲ್ಲಿ ನನಗೆ ಸೋಜಿಗವೆನಿಸಿದ್ದು ಬೇರೆ. ಒಂದು ಮನೆಯ ಯಂತ್ರ ಆರಿದರೆ ಆ ಒಳಗಿನ ಕಂಪ್ಯೂಟರ್ ಗಂಟುಮೂಟೆ ಕಟ್ಟಿಕೊಂಡು ಮತ್ತೊಂದು ಮನೆಗೆ ಹೋಗಿ, ಬಿಟ್ಟಲ್ಲಿಂದಲೇ ಕೆಲಸ ಹಿಡಿಯುತ್ತದಂತೆ. ಹಾಗೆ ಹೋಗಲು ಅನುಕೂಲವಾಗಲೆಂದು ಪ್ರತಿಯೊಂದು ಪಾಲಿನ ನಕಲು ಬೇರೆ ಮನೆಗಳಲ್ಲಿ ಇರುತ್ತದೆ. ಯಾವುದಾದರೂ ಯಂತ್ರ ಒಂದು ರಾತ್ರಿ ಪೂರ್ತಿ ಕಾಣದಿದ್ದರೆ ಅದರ ಹತ್ತಿರ ಇರುವುದು ಹಳಸಿತು ಎಂದು ಲೆಕ್ಕ. ಅದು ಮರಳಿ ಹತ್ತಿದಾಗ ತನ್ನದನ್ನು ಚೆಲ್ಲಿ, ಉಳಿದವರಿಂದ ಹೊಸದನ್ನು ಕೇಳಿ ತುಂಬಿಕೊಳ್ಳಬೇಕು. ಹೀಗೆ ಅವಳು ನಿಯಮ ಬರೆದಿದ್ದಾಳೆ.

ಇನ್ನು ಖಂಡೇನವಮಿಯ ಆಯುಧಪೂಜೆಯ ಮಾತು. ಆ ದಿನ ನಮ್ಮಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ, ನೀವು ಇದೇ ಮನೆಯಲ್ಲಿ ಹುಟ್ಟಿದವರು. ಮಗ್ಗ ತೊಳೆದು, ಲಾಳಿಗೆ ಕುಂಕುಮ ಹಚ್ಚಿ, ದಸರೆಯ ಬನ್ನಿ ಕೊಡುವ ಹೊತ್ತಿನವರೆಗೆ ಯಾವ ಹತಾರವನ್ನೂ ಮುಟ್ಟುವುದಿಲ್ಲ. ಈಗ ಬಟ್ಟೆಯ ಡಿಸೈನೂ ಕಂಪ್ಯೂಟರಿನಿಂದಲೇ ಬರುವುದರಿಂದ ಅದೂ ನಮ್ಮವರಿಗೆ ಹತಾರವೇ. ಪ್ರಾಜಕ್ತಾ ಮುಂಚಿನ ದಿನ ಓಣಿಯಲ್ಲಿ ತಿರುಗಿ, "ಕಾಕಾ, ಕುಂಕುಮಾ ಹಚ್ಚರಿ, ಹೂ ಏರಸರಿ, ಬಟನ್ ಮಾತ್ರ ಆರಸಬ್ಯಾಡ್ರಿ" ಎಂದು ಎಲ್ಲರಿಗೂ ಹೇಳಿ ಬಂದಿದ್ದಳು. ಅವರೂ ಗೋಣು ಹಾಕಿದ್ದರು. ನವಮಿಯ ಬೆಳಿಗ್ಗೆ ನಾನು ಪ್ರಸಾದ ಹಂಚಲು ಹೋದಾಗ ನೋಡಿದರೆ ಮಾಲೆ ಹಾಕಿಸಿಕೊಂಡ ಕಂಪ್ಯೂಟರುಗಳು ಗುರ್ ಎನ್ನುತ್ತ ಕೆಲಸ ಮಾಡುತ್ತಿವೆ. ಪೂಜೆಗೆ ಕೂತದ್ದನ್ನು ದುಡಿಸಬಾರದು, ಗೋಡೆಯ ಬಟನ್ನಿನಿಂದಲೇ ಆರಿಸಿ ಎಂದು ಮನೆಮನೆಗೆ ಹೇಳಿದವಳು ನಾನೇ. ಅವರಿಗೂ ಅದೇ ಬೇಕಾಗಿತ್ತು, ಹುಡುಗಿಯ ಮಾತಿಗೆ ಬಿಟ್ಟಿದ್ದರು ಅಷ್ಟೇ. ನಾನು ಹೇಳಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಬರುವ ವರ್ಷವೂ ಹಾಗೇ ಹೇಳುತ್ತೇನೆ.

ಆದರೆ ಆದದ್ದು ಹೀಗೆ. ಊರಿಗೆ ಊರೇ ಒಂದು ರಾತ್ರಿ ಆರಿತು. ದಸರೆಯ ಸಂಜೆ ಎಲ್ಲರೂ ಮತ್ತೆ ಹಚ್ಚಿದರು. ಒಂದೊಂದು ಯಂತ್ರವೂ ತಾನೊಬ್ಬನೇ ತಡಮಾಡಿ ಬಂದವನು, ಉಳಿದವರ ಹತ್ತಿರ ಹೊಸದು ಇದ್ದೇ ಇರುತ್ತದೆ ಎಂದು ನಂಬಿ ತನ್ನ ಕೈಯಲ್ಲಿದ್ದುದನ್ನು ಚೆಲ್ಲಿತು. ಕೇಳಲು ಹೋದರೆ ಊರಿನ ಎಲ್ಲರ ಕೈಯೂ ಬರಿದು. ನಾಲ್ಕು ತಿಂಗಳ ಲೆಕ್ಕ, ಬನ್ನಿ ಹಂಚಿ ಮುಗಿಯುವುದರೊಳಗೆ ಹೋಯಿತು.

ಅವಳು ನನ್ನನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ. ನಿಮ್ಮ ತಮ್ಮ ಬಯ್ದರು, "ಊರಿಗೆಲ್ಲಾ ಮಡಿ ಹೇಳಾಕ ಹ್ವಾದಿ, ಮಗಳ ಮನಿ ಮುರದ ಬಂದಿ" ಎಂದರು. ಅವಳೇ ತಡೆದಳು. "ಅವ್ವಂದೇನೂ ತಪ್ಪಿಲ್ಲ ಬಿಡಪ್ಪಾ. ಒಂದೊಂದು ಕಂಪ್ಯೂಟರ್ ಒಂದೊಂದ್ ಕಾರಣಕ್ಕ ಆರತೈತಿ ಅಂತ ನಾ ಹಿಡದಿದ್ದೆ. ಲೆಕ್ಕದಾಗ ಹಬ್ಬಾ ಹಿಡದಿದ್ದಿಲ್ಲ" ಎಂದಳು. ಹಾಗೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಎದ್ದು ಬರಲಿಲ್ಲ. ಹೋಳಿಗೆ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಫೋನಿನಲ್ಲಿ ಏನೋ ನೋಡುತ್ತ ಕೂತವಳು ಒಮ್ಮೆಲೇ ಎದ್ದು ನಿಂತಳು. ಒಂದೇ ಒಂದು ಯಂತ್ರ ನವಮಿಯ ರಾತ್ರಿಯೂ ಹತ್ತಿಯೇ ಇತ್ತು, ಅದು ನಿಮ್ಮ ಅಂಗಡಿಯದು. ನಾಲ್ಕು ತಿಂಗಳಿಂದ ಸ್ವಲ್ಪಸ್ವಲ್ಪವೇ ಸೇರಿದ ಎಲ್ಲ ಪಾಲಿನ ನಕಲೂ ಅದರಲ್ಲಿದೆ. ಹೇಗೆ ಉಳಿಯಿತು ಎಂದು ಅವಳಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ನಿಮ್ಮ ಅತ್ತೆಯ ಮನೆಯವರು ವ್ಯಾಪಾರಸ್ಥರು. ನವಮಿಗೆ ತಕ್ಕಡಿಗೆ, ಗಾಡಿಗೆ ಪೂಜೆ. ಕಂಪ್ಯೂಟರ್ ಎಂದರೆ ನಿಮ್ಮಲ್ಲಿ ಹತಾರವಲ್ಲ, ಖಾತೆಪುಸ್ತಕ. ಪುಸ್ತಕಕ್ಕೆ ಪೂಜೆ ದೀಪಾವಳಿಗೆ. ಇದನ್ನು ಹೇಳಿದಾಗ ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಸಣ್ಣವಳಿದ್ದಾಗ ನೀವು ಜಾತ್ರೆಯಿಂದ ಗಿರಗಿಟ್ಟಿ ತಂದುಕೊಟ್ಟಾಗ ನೋಡಿದ್ದಳಲ್ಲ, ಹಾಗೆ. ಕೊಲ್ಹಾಪುರದ ಅವಳ ಮೇಡಂ ಕೇಳಿ ಮೊದಲು ನಕ್ಕರಂತೆ. ಆಮೇಲೆ ಒಂದು ನಕಲು ನೇಕಾರರಲ್ಲಿದ್ದರೆ ಇನ್ನೊಂದು ಅಂಗಡಿಕಾರರಲ್ಲಿ ಇಡುವ ಹೊಸ ನಿಯಮ ಮಾಡು, ಅದನ್ನೇ ಪ್ರಬಂಧದಲ್ಲಿ ಬರೆ ಎಂದರಂತೆ. ಆದರೆ ಬರೆಯಲು ಆ ಲೆಕ್ಕ ಕೈಯಲ್ಲಿರಬೇಕು. ಅವಳಿಗೆ ಕೊಟ್ಟ ಅವಧಿ ಡಿಸೆಂಬರಿಗೆ ಮುಗಿಯುತ್ತದೆ. ಮತ್ತೆ ಜೂನಿನಿಂದ ಮಾಡುತ್ತೇನೆ ಎಂದರೆ ಕೇಳುವವರಿಲ್ಲ.

ನಿಮ್ಮೂರಿನ ಇಂಟರ್ನೆಟ್ ಲೈನು ಸಣ್ಣದು, ಅಷ್ಟು ದೊಡ್ಡದನ್ನು ದೂರದಿಂದ ಎಳೆದರೆ ನಡುವೆ ಹರಿದೀತೆಂದು ಅವಳು ಎಲ್ಲವನ್ನೂ ಇದ್ದಲ್ಲಿಯೇ ನಿಲ್ಲಿಸಿದ್ದಾಳೆ. ಎದುರಿಗೆ ಕೂತು ತೆಗೆದುಕೊಳ್ಳಬೇಕು. ದೀಪಾವಳಿಯ ಮಂಗಳವಾರ ನೀವು ಅದನ್ನು ಆರಿಸಿ, ಕೆಂಪು ಬಟ್ಟೆ ಹೊದಿಸಿ ಲಕ್ಷ್ಮಿಯ ಮುಂದೆ ಇಡುತ್ತೀರಿ. ಪಾಡ್ಯದ ಮುಹೂರ್ತಕ್ಕೇ ಹಚ್ಚುತ್ತೀರಿ. ಒಂದು ರಾತ್ರಿ ಆಯಿತಲ್ಲ. ಹತ್ತಿದ ಕೂಡಲೇ ಅದೂ ತನ್ನದನ್ನು ಚೆಲ್ಲುತ್ತದೆ. ನಿಮ್ಮ ಪೂಜೆ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳುವ ಬಾಯಿ ನನಗಿಲ್ಲ. ಅದಕ್ಕೂ ಮೊದಲು ಅವಳನ್ನು ಒಳಗೆ ಬಿಡಿ ಎಂದಷ್ಟೇ ಕೇಳುತ್ತೇನೆ.

ಎರಡು ವರ್ಷದ ಹಿಂದಿನದು ನನಗೂ ನೆನಪಿದೆ. ನೀವು ನಿಮ್ಮ ಮಗ ಅಭಯನಿಗೆ ಹೆಣ್ಣು ಕೇಳಲು ಸೀರೆ ಕಾಯಿ ತಂದಿದ್ದಿರಿ. ಸೋದರತ್ತೆಯ ಹಕ್ಕು, ಕೇಳಿದ್ದರಲ್ಲಿ ತಪ್ಪಿಲ್ಲ. ಅವಳು ಎಲ್ಲರ ಎದುರಿಗೆ, "ಅತ್ತಿ, ಅಭಯ ನನಗ ಅಣ್ಣ ಇದ್ದಂಗ, ನಾ ಒಲ್ಲೆ" ಎಂದುಬಿಟ್ಟಳು. ಒಳಗೆ ಕರೆದು ಹೇಳಬಹುದಿತ್ತು. ನೀವು ಚಹಾ ಮುಟ್ಟದೆ ಎದ್ದು, "ನಿನ್ನ ಮಗಳಿಗೆ ನಮ್ಮ ಮನಿ ಕಂಪ್ಯೂಟರ್ ಬೇಕು, ಮನಿ ಬ್ಯಾಡ" ಎಂದಿರಿ. ಈಗ ನೋಡಿದರೆ ನಾನು ಮತ್ತೆ ಕಂಪ್ಯೂಟರನ್ನೇ ಕೇಳುತ್ತಿದ್ದೇನೆ. ಜಯಸಿಂಗಪುರದ ಸೊಸೆ ಒಳ್ಳೆಯವಳೆಂದು ಕೇಳಿ ಸಂತೋಷವಾಯಿತು. ಮದುವೆಯ ಪತ್ರಿಕೆಯಲ್ಲಿ ನಿಮ್ಮ ತಮ್ಮನ ಹೆಸರೊಂದೇ ಬರೆದಿದ್ದಿರಿ, ಹಾಗಾಗಿ ನಾನೂ ಪ್ರಾಜಕ್ತಾಳೂ ಬರಲಿಲ್ಲ.

ಅಷ್ಟೆಲ್ಲ ಆದ ಮೇಲೂ ಆ ಕಂಪ್ಯೂಟರಿನಲ್ಲಿ ಅವಳ ಕೆಲಸ ಹೇಗೆ ಉಳಿಯಿತು ಎಂದರೆ, ಅಭಯನಿಗೆ ತೆಗೆಯಲು ನೆನಪಾಗಿಲ್ಲ, ರಾತ್ರಿ ಆರಿಸಲೂ ಮರೆಯುತ್ತಾನೆ ಎಂದು ಕಾಣುತ್ತದೆ. ಅಣ್ಣಾವರು ಅವನನ್ನು ಬಯ್ಯಬಾರದು. ಅವನ ಮರೆವಿನಿಂದ ನಮಗೆ ಒಳ್ಳೆಯದಾಗಿದೆ.

ಪ್ರಾಜಕ್ತಾ ಕೇಳಬೇಡ ಎಂದಿದ್ದಳು. "ಅತ್ತಿ ಒಲ್ಲೆ ಅಂದ್ರ ಇರೋ ಒಂದ್ ಎಳಿನೂ ಹರದ ಹೋಗತೈತಿ ಅವ್ವಾ" ಎಂದಳು. ಹರಿದ ಎಳೆ ಗಂಟು ಹಾಕುವುದೇ ನನ್ನ ದಿನದ ಕೆಲಸ, ಅದಕ್ಕೆ ಹೆದರಿ ಕೂರಲು ಆಗುವುದಿಲ್ಲ. ಗುರುವಾರ ಮುಂಜಾನೆಯ ಎಸ್.ಟಿ. ಬಸ್ಸಿಗೆ ಅವಳನ್ನು ಕಳಿಸುತ್ತೇನೆ. ಅಣ್ಣಾವರ ಎದುರು ತಲೆ ಬಗ್ಗಿಸಿ ನಮಸ್ಕಾರ ಮಾಡುತ್ತಾಳೆ, ಹೆಚ್ಚು ಮಾತಾಡುವುದಿಲ್ಲ, ಊಟಕ್ಕೂ ನಿಲ್ಲುವುದಿಲ್ಲ. ಪತ್ರದ ಜೊತೆ ನಿಮಗೊಂದು ರವಿಕೆಯ ಖಣ ಕಳಿಸಿದ್ದೇನೆ. ಅವಳು ಬರುವುದು ನಿಮಗೆ ಬೇಡವಾಗಿದ್ದರೆ ಏನೂ ಬರೆಯಬೇಡಿ. ಆ ಖಣವನ್ನು ತಾನಾಜಿಯ ಕೈಯಲ್ಲೇ ಹಿಂದೆ ಕಳಿಸಿ, ನಾನು ತಿಳಿದುಕೊಳ್ಳುತ್ತೇನೆ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವುದಿಲ್ಲ.

ಅಣ್ಣಾವರಿಗೆ ನಮಸ್ಕಾರ. ಅಭಯನಿಗೂ ಸೊಸೆಗೂ ಆಶೀರ್ವಾದ. ಚೌಡವ್ವ ನಿಮ್ಮ ಮನೆಯ ದೀಪ ಕಾಯಲಿ.

ನಿಮ್ಮ ಮನೆಯ ಹೆಣ್ಣುಮಗಳೆಂದೇ ತಿಳಿದಿರುವ,
ಸುವರ್ಣಾ

ತಾ.ಕ.: ಬಾಳಕ್ಕಾ, ಈ ಚೀಟಿ ಬೇರೆ. ಪತ್ರ ಮೊದಲು ಅಣ್ಣಾವರ ಕೈಗೆ ಹೋಗುತ್ತದೆಂದು ಗೊತ್ತು, ಅದಕ್ಕೇ ಇದನ್ನು ಖಣದ ಮಡಿಕೆಯಲ್ಲಿ ಇಟ್ಟಿದ್ದೇನೆ. ಅಭಯ ಮರೆಯುತ್ತಾನೆ ಎಂದು ಬರೆದದ್ದು ಅವರಿಗಾಗಿ. ಅಭಯ ಏನೂ ಮರೆಯುವುದಿಲ್ಲ, ಅಂಗಡಿ ಮುಚ್ಚುವಾಗ ದಿನಾ ಆರಿಸುತ್ತಾನೆ. ಪ್ರಾಜಕ್ತಾಳ ಫೋನಿನಲ್ಲಿ ಹತ್ತಿದ ಯಂತ್ರಕ್ಕೆಲ್ಲ ಒಂದೊಂದು ಹಸಿರು ಚುಕ್ಕೆ ಇರುತ್ತದೆ. ಗಡಹಿಂಗ್ಲಜದ ಚುಕ್ಕೆ ಸಂಜೆ ಹೋಗುತ್ತದೆ, ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಮತ್ತೆ ಬರುತ್ತದೆ. ದಸರೆಯ ಸಂಜೆ ನಮ್ಮೂರಿನ ಯಂತ್ರಗಳು ಕೇಳಿದಾಗ ನಿಮ್ಮದು ಸಿಗದಿದ್ದುದೂ ಇದಕ್ಕೇ. "ಅತ್ತಿ, ದೇವರಿಗೆ ದೀಪಾ ಹಚ್ಚಿದ ಮ್ಯಾಲೆ ಇದೊಂದ್ ಗುಂಡಿ ಒತ್ತ" ಎಂದು ಅವಳು ನಿಮ್ಮ ಕೈ ಹಿಡಿದು ತೋರಿಸಿದಾಗ ನಾನೂ ಅಲ್ಲಿದ್ದೆ. ಅದು ಸೀರೆ ಕಾಯಿಯ ಮಾತಿಗಿಂತ ಮೊದಲು. ಮಾತು ಬಿಟ್ಟ ಮೇಲೂ ನೀವು ಒತ್ತುವುದು ಬಿಟ್ಟಿಲ್ಲ. ನಾನೂ ನಮ್ಮ ದೀಪ ಹಚ್ಚಿ ಅವಳ ಫೋನು ಇಸಿದುಕೊಂಡು ನೋಡುವುದು ಬಿಟ್ಟಿಲ್ಲ. ಅವಳೂ ನಾನೂ ಆ ಮಾತು ಎತ್ತುವುದಿಲ್ಲ.

ಈ ಹುಣ್ಣಿಮೆಗೆ ಚುಕ್ಕೆ ಬಹಳ ತಡವಾಗಿ ಬಂತು. ಕರೆಂಟ್ ಹೋಗಿರಬೇಕು ಎಂದಳು ಪ್ರಾಜಕ್ತಾ. ನಾನು ನಿಮ್ಮ ಮೊಣಕಾಲು ಎಂದುಕೊಂಡೆ. ಮಾಳಿಗೆಯಿಂದ ಅಂಗಡಿಗೆ ಇಳಿಯುವ ಮೆಟ್ಟಿಲು ಕಡಿದು ಎಂದು ನನಗೆ ಗೊತ್ತಿಲ್ಲವೇ. ಖಣದ ಒಳಗೆ ಶೀಶೆಯಲ್ಲಿ ಎಣ್ಣೆ ಇದೆ, ನಾನೇ ಕಾಸಿದ್ದು, ಮಲಗುವ ಮುಂಚೆ ಹಚ್ಚಿಕೊಳ್ಳಿ. ಖಣ ಹಿಂದೆ ಕಳಿಸುವುದಾದರೂ ಎಣ್ಣೆ ಇಟ್ಟುಕೊಳ್ಳಿ.