ಲಡಿ ಕಟ್ಟಿದ ಗಾಜು

ಆಪ್ಟಿಕಲ್ ಫೈಬರ್ ಬಿಡಿಭಾಗಗಳಿಗೆ ಬೆಲೆ ಕಟ್ಟುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹನ್ನೆರಡು ಗಾಜಿನ ಎಳೆಗಳು ಹಾಳಾದ ಬಗ್ಗೆ ನಿಮ್ಮ ನಿಗಮ ಬರೆದ ಉತ್ತರ ತಲುಪಿತು. ಮೂರೇ ಸಾಲು. ಮೊದಲ ಸಾಲಿನಲ್ಲಿ "ಗ್ರಾಹಕರ ಅಸಡ್ಡೆ" ಎಂದಿದೆ. ಎರಡನೆಯದರಲ್ಲಿ, ಬದಲಿ ಕೊಡಲಾಗದು. ಮೂರನೆಯದರಲ್ಲಿ, ಹೊಸದಾಗಿ ಕೊಳ್ಳುವುದಾದರೆ ಒಂದಕ್ಕೆ ಮೊದಲಿನ ಆರುನೂರ ನಲವತ್ತಲ್ಲ, ಸಾವಿರದ ನೂರ ಎಂಬತ್ತು ರೂಪಾಯಿ. ಆರೋಪ, ತೀರ್ಪು, ದಂಡ ಮೂರನ್ನೂ ಮೂರು ಸಾಲಿನಲ್ಲಿ ಮುಗಿಸಿದ ನಿಮ್ಮ ಮಿತವ್ಯಯ ಬೆಲೆಯ ವಿಷಯದಲ್ಲೂ ಇದ್ದಿದ್ದರೆ ನಾನು ಈ ಪತ್ರ ಬರೆಯುವ ಪ್ರಮೇಯವಿರಲಿಲ್ಲ.

ಕೊಂಡವರು ಶಿಡ್ಲಘಟ್ಟದ ಅಸದುಲ್ಲಾ. ನಾನು ಅವರ ಎದುರು ಮನೆಯವನು, ಇಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಅವರದು ಗೂಡನ್ನು ಬಿಸಿನೀರಿಗೆ ಹಾಕಿ ರೇಷ್ಮೆ ನೂಲು ತೆಗೆಯುವ ನಾಲ್ಕು ಬೇಸಿನ್‌ಗಳ ಮನೆ. ಜೊತೆಗೆ ಊರಿನ ಮುನ್ನೂರು ಮನೆಗಳಿಗೆ ಟೀವಿ ಕೇಬಲ್. ಚಿಂತಾಮಣಿ ರಸ್ತೆಯ ಹಳ್ಳಿಗಳಿಗೂ ಕೇಬಲ್ ಕೊಡುವ ಆಸೆ ಅವರಿಗಿತ್ತು. ತಾಮ್ರದ ತಂತಿಯಾದರೆ ದಾರಿಯುದ್ದಕ್ಕೂ ಬಲವರ್ಧಕ ಕೂರಿಸಬೇಕು, ಒಂದು ಕಡೆ ಕರೆಂಟು ಹೋದರೆ ಮುಂದಿನ ಊರುಗಳಲ್ಲೆಲ್ಲ ಚಿತ್ರ ನಿಲ್ಲುತ್ತದೆ. ಗಾಜಿನ ಎಳೆಯಾದರೆ ಹಾಗಲ್ಲ, ಬೆಳಕು ನಡುದಾರಿಯಲ್ಲಿ ಕರೆಂಟು ಕೇಳುವುದಿಲ್ಲ ಎಂದು ಅವರ ಮನೆಯ ಜಗಲಿಯ ಮೇಲೆ ಕೂತು ವಿವರಿಸಿದವನು ನಾನೇ. ಅವರು ಎರಡು ಬೇಸಿನ್‌ಗಳನ್ನೂ ಊರಾಚೆಯ ಒಂದು ನಿವೇಶನವನ್ನೂ ಮಾರಿದರು. ಕಂಬಗಳ ಮೇಲೆ ಕೇಬಲ್ ಎಳೆಯಲು ಸಿಕ್ಕಿದ ಪರವಾನಗಿ ಡಿಸೆಂಬರ್ ಹದಿನೈದರವರೆಗೆ. ಅಷ್ಟರೊಳಗೆ ಹಳ್ಳಿಗಳಿಗೆ ಚಿತ್ರ ತಲುಪದಿದ್ದರೆ ಅದು ಇನ್ನೊಬ್ಬರ ಪಾಲು.

ಜೂನ್‌ನಲ್ಲಿ ನಿಮ್ಮಿಂದ ಪಿಗ್‌ಟೈಲ್‌ಗಳು ಬಂದವು: ಒಂದು ತುದಿಗೆ ಕನೆಕ್ಟರ್ ಕೂರಿಸಿದ, ಎರಡು ಮೊಳಕ್ಕಿಂತ ತುಸು ಉದ್ದದ ತುಂಡುಗಳು. ಅವನ್ನು ಜೋಡಿಸಬೇಕಾದ ಮುಖ್ಯ ಕೇಬಲ್ ಬರಲಿಲ್ಲ. ಅದೂ ನಿಮ್ಮಿಂದಲೇ ಬರಬೇಕಿತ್ತು, ಅಕ್ಟೋಬರ್‌ವರೆಗೆ ದಾರಿಯಲ್ಲಿತ್ತು. ಯಾವ ದಾರಿಯಲ್ಲಿತ್ತೋ ನಿಮಗೇ ಗೊತ್ತು. ಪೊಟ್ಟಣವನ್ನು ಬಿಚ್ಚದೆ ಇಡುವಂತೆಯೂ ಇರಲಿಲ್ಲ. ಮೂರು ದಿನದೊಳಗೆ ಬಿಚ್ಚಿ ನೋಡಿಕೊಳ್ಳದಿದ್ದರೆ ಕೊರತೆಗೆ ನಿಗಮ ಹೊಣೆಯಲ್ಲ ಎಂದು ನಿಮ್ಮ ರಸೀದಿ ಹೇಳುತ್ತದೆ. ಬಿಚ್ಚಿದರು. ಒಳಗೆ ಬಿಲ್ಲು ಇತ್ತು. ಬಿಲ್ಲಿನ ಹೊರತು ಒಂದು ಚೂರು ಕಾಗದವಿರಲಿಲ್ಲ.

ಈಗ ನಮ್ಮೂರಿನ ಒಂದು ರೂಢಿಯನ್ನು ನೀವು ತಿಳಿಯಬೇಕು. ಸಿಕ್ಕಾಗಬಾರದ, ನವಿರಾದ ಎಳೆ ಕೈಗೆ ಬಂದರೆ ಇಲ್ಲಿಯವರು ಅದನ್ನು ಸುಮ್ಮನೆ ಸುತ್ತಿಡುವುದಿಲ್ಲ. ಬಿಗಿಯಾಗಿ ಹುರಿ ಮಾಡುತ್ತಾರೆ, ನಡುವೆ ಮಡಿಸುತ್ತಾರೆ, ಅದು ತನ್ನ ಮೇಲೆ ತಾನೇ ಸುತ್ತಿಕೊಂಡಾಗ ತುದಿಯನ್ನು ಒಳಗೆ ಸಿಕ್ಕಿಸುತ್ತಾರೆ. ಅದು ಲಡಿ. ರೇಷ್ಮೆ ಈ ಊರಿನಿಂದ ಹೊರಡುವುದೇ ಹಾಗೆ. ಅಸದುಲ್ಲಾ ಅವರ ಹೆಂಡತಿ ದಿಲ್ಷಾದ್ ಬೇಗಂ ಮತ್ತು ಅವರ ಬೇಸಿನ್ ಮುಂದೆ ಇಪ್ಪತ್ತಾರು ವರ್ಷದಿಂದ ಕೂರುತ್ತಿರುವ ಚಿಕ್ಕವೆಂಕಟಮ್ಮ ಕೈ ತೊಳೆದುಕೊಂಡು ಹನ್ನೆರಡೂ ಎಳೆಗಳನ್ನು ಲಡಿ ಕಟ್ಟಿದರು. ಹಳೆಯ ಮಲ್ಲು ಬಟ್ಟೆಯಲ್ಲಿ ಸುತ್ತಿ, ಇಲಿ ಮುಟ್ಟದಿರಲೆಂದು ಟ್ರಂಕಿನಲ್ಲಿಟ್ಟರು.

ಅಕ್ಟೋಬರ್‌ನಲ್ಲಿ ಜೋಡಣೆಗೆಂದು ಗೌರಿಬಿದನೂರಿನಿಂದ ಕೋನಪ್ಪ ಬಂದ. ಬಟ್ಟೆ ಬಿಚ್ಚಿ ಒಂದು ಲಡಿಯನ್ನು ಎತ್ತಿ ಹಿಡಿದ.

"ಯಾರಮ್ಮ ಇದಕ್ಕೆ ಜಡೆ ಹೆಣೆದೋರು? ಮದ್ವೆ ಗಿದ್ವೆ ಐತಾ?"

"ಜಡೆ ಅಲ್ಲಪ್ಪ, ಲಡಿ," ಎಂದರು ಚಿಕ್ಕವೆಂಕಟಮ್ಮ. "ಬಿಚ್ಚಿ ನೋಡು, ಒಂದು ಗಂಟು ಸಿಕ್ಕಿದ್ರೆ ಆಮೇಲೆ ಕೇಳು."

"ಗಂಟೇನೂ ಇಲ್ಲ ಕಣಮ್ಮ. ಒಳಗಡೆ ಗಾಜೇ ಮುರಿದೋಗೈತೆ."

ಅವನು ಒಂದೊಂದು ಎಳೆಯ ತುದಿಗೂ ಟಾರ್ಚ್ ಹಿಡಿದ, ಇನ್ನೊಂದು ತುದಿಯನ್ನು ನಾನು ನೋಡಿದೆ. ಹನ್ನೆರಡೂ ಕತ್ತಲೆ.

ಇದಕ್ಕೆ ನೀವು ಕೊಟ್ಟ ಹೆಸರು ಅಸಡ್ಡೆ. ನಿಮ್ಮ ಉತ್ತರವನ್ನು ನಾನು ಅವರ ಮನೆಯಲ್ಲಿ ಓದಿ ಹೇಳಿದೆ. ಚಿಕ್ಕವೆಂಕಟಮ್ಮ, "ನನ್ ಕೈಲಿ ಕಟ್ಟಿದ್ ಲಡಿ ಒಂದಾದ್ರೂ ವಾಪಸ್ ಬಂದೈತಾ, ಕೇಳಿ ಸಾಮಿ ಅವ್ರನ್ನ" ಎಂದರು. ಕೇಳುತ್ತಿದ್ದೇನೆ. ಅಸಡ್ಡೆಯವರು ಅದನ್ನು ಮೊಳೆಗೆ ನೇತುಹಾಕಿ ಮರೆತಿರುತ್ತಿದ್ದರು; ಎಳೆ ಬಹುಶಃ ಉಳಿಯುತ್ತಿತ್ತು. ಇಲ್ಲಿ ಅದನ್ನು ಮುರಿದದ್ದು ಎಚ್ಚರಿಕೆ. ಜನರ ಎಚ್ಚರಿಕೆಯೇ ಅವರಿಗೆ ಮುಳುವಾಗುವಂತೆ ಒಂದು ವಸ್ತುವನ್ನು ಬಾಯಿ ಮುಚ್ಚಿಕೊಂಡು ಮಾರುವುದಕ್ಕೆ ನಿಮ್ಮ ಕಡತದಲ್ಲಿ ಏನೆನ್ನುತ್ತಾರೆ?

ಇನ್ನು ಬೆಲೆ. ಅಸದುಲ್ಲಾ ಮತ್ತು ನಾನು ಬೆಂಗಳೂರಿನ ನಿಮ್ಮ ಕೌಂಟರಿಗೆ ಹೋದೆವು. ಅಲ್ಲಿದ್ದ ಗುಮಾಸ್ತರು ಸಭ್ಯರು. "ರೇಟು ದಿನಾ ಏರ್ತಿದೆ ಸಾಹೇಬ್ರೇ. ನೀವು ಡಾಲರ್‌ನ ಕೇಳ್ಬೇಕು, ನನ್ನನ್ನಲ್ಲ," ಎಂದರು.

"ಡಾಲರ್ ಯಾವ ಕೌಂಟರಲ್ಲಿ ಕೂತ್ಕೊಳ್ತಾರೆ ಸ್ವಾಮಿ? ಅಲ್ಲಿಗೇ ಹೋಗ್ತೀವಿ," ಎಂದರು ಅಸದುಲ್ಲಾ. ಆಮೇಲೆ ಗುಮಾಸ್ತರ ಹಿಂದಿನ ಕಪಾಟು ತೋರಿಸಿ, ಆ ಪೆಟ್ಟಿಗೆಗಳು ಯಾವಾಗ ಬಂದವು ಎಂದು ಕೇಳಿದರು.

"ಏಪ್ರಿಲ್‌ನಲ್ಲಿ."

ನಾವು ಜೂನ್‌ನಲ್ಲಿ ಕೊಂಡ ಪೆಟ್ಟಿಗೆಯ ಮೇಲೂ ಅದೇ ಮುದ್ರೆ, ಅದೇ ಸಂಖ್ಯೆ. ಏಪ್ರಿಲ್‌ನಲ್ಲಿ ಬಂದು ಕಪಾಟಿನಲ್ಲಿ ಕೂತ ಸರಕಿಗೆ ನವೆಂಬರ್‌ನ ಡಾಲರ್ ಹೇಗೆ ತಗುಲಿತು? ನಮ್ಮ ರೇಷ್ಮೆಗೂಡು ಮಾರುಕಟ್ಟೆಗೆ ಒಮ್ಮೆ ಬನ್ನಿ. ಬೆಲೆ ಅಲ್ಲೂ ದಿನಕ್ಕೊಂದು. ಆದರೆ ಕೊಳ್ಳುವವನು ಗೂಡನ್ನು ಕೈಯಲ್ಲಿ ಹಿಡಿದು ಅಲುಗಿಸಿ, ಕತ್ತರಿಸಿ ನೋಡಿಯೇ ಕೂಗುತ್ತಾನೆ. ಕೂಗಿದ ಬೆಲೆ ಚೀಟಿಗೆ ಬಿದ್ದ ಮೇಲೆ ಯಾರೂ ತಿದ್ದುವುದಿಲ್ಲ. ನಿಮ್ಮ ದರಪಟ್ಟಿಯ ಅಡಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ, "ಸರಕು ರವಾನೆಯಾದ ದಿನದ ದರವೇ ಅಂತಿಮ" ಎಂದಿದೆ. ರವಾನಿಸುವವರು ನೀವು, ದಿನ ಆರಿಸುವವರು ನೀವು, ತಡಮಾಡುವವರೂ ನೀವೇ.

ನೀವು ಹೇಳದ್ದನ್ನು, ಈ ಪತ್ರ ಓದುತ್ತಿರುವ ಇತರ ಕೊಳ್ಳುವವರಿಗೆ ನಿಮ್ಮೆದುರಿಗೇ ಹೇಳಿಬಿಡುತ್ತೇನೆ. ಸರಕು ಕೈಸೇರುವವರೆಗೂ ಬೆಲೆ ಬದಲಾಗದೆಂದು ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ. ಸುಂಕ ಸೇರಿದೆಯೋ ಇಲ್ಲವೋ ಕೇಳಿ. ಈ ಎಳೆಗಳಲ್ಲಿ ಬೆಳಕು ಸಾಗುವ ಒಳದಾರಿ ತೀರ ಕಿರಿದಾದದ್ದು, ತುಸು ಅಗಲವಾದದ್ದು ಎಂದು ಎರಡು ಜಾತಿ. ಹೊರಗಿನಿಂದ ಒಂದೇ ಥರ ಕಂಡರೂ ಒಂದಕ್ಕೊಂದು ಕೂಡುವುದಿಲ್ಲ, ನಿಮ್ಮ ಕೇಬಲ್ ಯಾವ ಜಾತಿ ಎಂದು ತಿಳಿದೇ ಪಿಗ್‌ಟೈಲ್ ಕೊಳ್ಳಿ. ಬೆಳಕು ಎಷ್ಟು ಸೋರುತ್ತದೆ ಎಂಬ ಪರೀಕ್ಷೆಯ ಚೀಟಿಯಿಲ್ಲದ ಪೊಟ್ಟಣವನ್ನು ಹಿಂದಕ್ಕೆ ತಳ್ಳಿ. ತುದಿಯ ಟೋಪಿ ತೆಗೆಯಬೇಡಿ, ಬೆರಳು ತಾಗಿಸಬೇಡಿ. ಯಂತ್ರಕ್ಕೆ ಸಿಕ್ಕಿಸಿದ ಮೇಲೆ ತುದಿಗೆ ಕಣ್ಣಿಡಲೇಬೇಡಿ, ಅಲ್ಲಿರುವ ಬೆಳಕು ಕಾಣದು, ಆದರೆ ಕಣ್ಣನ್ನು ಸುಡುತ್ತದೆ. ಮತ್ತು ಊಟದ ತಟ್ಟೆಗಿಂತ ಚಿಕ್ಕದಾಗಿ ಸುತ್ತಬೇಡಿ. ಹುರಿ ಮಾಡಲೇಬೇಡಿ.

ಈ ಕೊನೆಯ ಎರಡು ಮಾತು ನನಗೆ ಜೂನ್‌ನಲ್ಲೇ ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ ಗಾಜಿನೊಳಗೆ ಬೆಳಕು ಹೇಗೆ ಪುಟಿಯುತ್ತದೆಂದು ಹಲಗೆಯ ಮೇಲೆ ಬರೆಯುತ್ತಿದ್ದೇನೆ. ಜಗಲಿಯಲ್ಲಿ ಗಂಡಸರ ನಡುವೆ ಕೂತು ಎಲ್ಲ ಹೇಳಿದೆ. ಎಳೆಯನ್ನು ಕೈಯಲ್ಲಿ ಹಿಡಿಯುವವರು ಒಳಮನೆಯಲ್ಲಿದ್ದರು. ನಿಮ್ಮ ಮೇಲಿನ ನನ್ನ ಸಿಟ್ಟಿನಲ್ಲಿ ಎಷ್ಟು ಪಾಲು ನನ್ನ ಮೇಲಿನದು ಎಂದು ಬೇರ್ಪಡಿಸಲು ಯತ್ನಿಸಿದೆ. ಆಗಲಿಲ್ಲ. ಆದರೆ ನನಗೆ ಇದು ಸಂಬಳದ ಕೆಲಸವಾಗಿರಲಿಲ್ಲ. ನಿಮಗೆ ಆಗಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಆ ಏಪ್ರಿಲ್‌ನ ಪೆಟ್ಟಿಗೆಯಿಂದ ಹನ್ನೆರಡು ತುಂಡುಗಳನ್ನು ನಾವು ಜೂನ್‌ನಲ್ಲಿ ಕೊಟ್ಟ ಬೆಲೆಗೇ ಕೊಡಿ. ಪ್ರತಿ ಪೊಟ್ಟಣದಲ್ಲೂ ಕನ್ನಡದಲ್ಲಿ, ಉರ್ದುವಿನಲ್ಲಿ ಒಂದು ಚೀಟಿ ಇಡಿ. "ಅಸಡ್ಡೆ" ಎಂಬ ಪದವನ್ನು ಬರಹದಲ್ಲೇ ಹಿಂತೆಗೆದುಕೊಳ್ಳಿ. ಇದೆಲ್ಲ ಶುಕ್ರವಾರದೊಳಗೆ ಆಗಬೇಕು. ಹೊಸ ಬೆಲೆಗೆ ಕೊಳ್ಳಲು ಅಸದುಲ್ಲಾ ಉಳಿದ ಎರಡು ಬೇಸಿನ್‌ಗಳನ್ನೂ ಮಾರಲು ಹೊರಟಿದ್ದಾರೆ, ಅಂದು ಮಧ್ಯಾಹ್ನ ಪಕ್ಕದ ವಿಜಯಪುರದವರೊಬ್ಬರು ನೋಡಲು ಬರುತ್ತಾರೆ. ಚಿಕ್ಕವೆಂಕಟಮ್ಮ ಕೂರುವುದು ಅವುಗಳಲ್ಲಿ ಒಂದರ ಮುಂದೆ. ಬಂದವರಿಗೆ ಬೇಸಿನ್ ಚೆನ್ನಾಗಿ ನಡೆಯುವುದು ಕಾಣಲಿ, ಅವತ್ತು ನೀರು ಕಾಯಿಸಿ ನೂಲು ತೆಗೀತಾ ಕೂತಿರಲಾ ಎಂದು ಆಕೆ ನನ್ನನ್ನು ಕೇಳಿದ್ದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ. ಏನು ಹೇಳಲಿ ಎಂದು ನೀವೇ ತಿಳಿಸಿ.

ಇಂತಿ,
ಜಗಲಿಯಲ್ಲೇ ಪಾಠ ಮುಗಿಸಿ ಎದ್ದುಬಂದ
ಒಬ್ಬ ಭೌತಶಾಸ್ತ್ರದ ಮೇಷ್ಟ್ರು

ಶಿಡ್ಲಘಟ್ಟ, ನವೆಂಬರ್ ೧೯೯೮