ಮೂರನೆಯ ಪರೀಕ್ಷೆ

ಮುಧೋಳ
೧೪ ಜೂನ್ ೨೦೨೫

ಹೆಂಡತಿ ಎಂದು ಕರೆಯುವ ಹಕ್ಕು ಕಳೆದುಕೊಂಡರೂ ಮರೆಯಲಾಗದ ತಾರಾ,

ಹರಿದು ಒಲೆಗೆ ಹಾಕುವ ಮೊದಲು ಓದು! ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕೊರಳಪಟ್ಟಿ ಹಿಡಿದು ಕೇಳಿದೆಯಲ್ಲ, "ಡಾಕ್ಟರ್ ಬ್ಯಾಡ ಅಂದಮ್ಯಾಲೂ ನನ್ನ ಮಗಳು ಕುಸ್ತಿಗೆ ಹೆಂಗ ಇಳಿದಳು?" ಎಂದು. ಇಗೋ, ಇಂದು ಉತ್ತರ.

ಅಂಜನಾ ಮೊದಲ ಸಲ ಬಿದ್ದದ್ದು ನನ್ನ ಗರಡಿಯಲ್ಲೇ, ಡಿಸೆಂಬರಿನಲ್ಲಿ. ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಎದ್ದವಳೇ "ಅಪ್ಪಾ, ಇವತ್ತ ಯಾವ ವಾರ?" ಎಂದು ನಾಲ್ಕು ಸಲ ಕೇಳಿದಳು. ಬೆಳಗಾವಿಯ ಡಾಕ್ಟರು ತಲೆಯ ತುಂಬ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ಪರದೆಯ ಮೇಲೆ ತೋರಿಸಿದರು. ಹದಿನಾರರ ಹುಡುಗಿಯ ಅಲೆ, ತೂಕಡಿಸುವವರ ಅಲೆಯಂತೆ ನಿಧಾನ! ಹದಿನೈದು ದಿನದ ಮೇಲೆ ಎರಡನೆಯ ಪರೀಕ್ಷೆ: ಸ್ವಲ್ಪ ಸುಧಾರಣೆ. "ಆರಾಮ ಅದೇನಿ ಅಂತ ಆಕಿ ಅಂದರ ನಂಬಬ್ಯಾಡ್ರಿ. ಆಡೂ ಹುಡುಗೂರು ಸುಳ್ಳ ಹೇಳ್ತಾವ. ಮೂರನೇ ಪರೀಕ್ಷೆ ಆಗೂತನಾ ಕುಸ್ತಿ ಬಂದ್," ಎಂದರು. ತಲೆ ತೊಳೆದು, ಎಣ್ಣೆ ಮುಟ್ಟಿಸದೆ ಬರಬೇಕೆಂದು ಚೀಟಿಯಲ್ಲೂ ಬರೆದರು.

ನಮ್ಮವ್ವ ನಿನಗೆ ಗೊತ್ತಲ್ಲ. ಜ್ವರಕ್ಕೆ, ತಲೆನೋವಿಗೆ, ದುಃಖಕ್ಕೆ, ಎಲ್ಲಕ್ಕೂ ಔಡಲೆಣ್ಣೆ. ಮೂರನೆಯ ಪರೀಕ್ಷೆಗೆ ಹೊರಡುವ ಮುಂಜಾನೆ ಮೊಮ್ಮಗಳ ನೆತ್ತಿಗೆ ಬಟ್ಟಲು ತುಂಬ ತಿಕ್ಕಿಬಿಟ್ಟಿದ್ದಳು. ತಂತಿಗಳು ಜಾರಿದವು, ಪರದೆಯ ಮೇಲೆ ಬರೀ ಗೀಚು. ತಂತಿ ಹಚ್ಚುವ ಹುಲೆಪ್ಪ, "ಏನ್ರೀ ವಸ್ತಾದರ, ಇದು ತಲಿಯೋ, ಭಜಿ ಕರಿಯೂ ಕಡಾಯಿಯೋ? ಸೋಮವಾರ ತೊಳಕೊಂಡು ಬರ್ರಿ," ಎಂದು ನಕ್ಕ.

ಸೋಮವಾರ! ಭಾನುವಾರವೇ ಸಾವಳಗಿಯಲ್ಲಿ ರಾಜ್ಯ ತಂಡದ ಆಯ್ಕೆ.

ಅಲ್ಲಿ ಸಂಘಟಕ ಗುರುಪಾದ ಕೇಳಿದ: "ಹುಡುಗಿ ಪರೀಕ್ಷೆ ಆತೇನ್ರಿ?" "ಆತಲ್ಲ!" ಎಂದು ಗರ್ಜಿಸಿದೆ. ಇಪ್ಪತ್ತು ವರ್ಷ ಊರೂರಿನ ನಾಟಕಗಳಲ್ಲಿ ಖಳನಾಗಿ ಅಬ್ಬರಿಸಿದ ಕಂಠ ಇದು, ಯಾರು ಅನುಮಾನಿಸಿಯಾರು?

ಕಣಕ್ಕೆ ಇಳಿಯುವ ಮುನ್ನ ಅಂಜನಾ ನನ್ನ ಅಂಗಿ ಹಿಡಿದು, "ಅಪ್ಪಾ, ಬಿಸಲ ಕಣ್ಣಿಗೆ ಚುಚ್ಚಾಕತ್ತೈತಿ," ಎಂದಳು. "ಹುಲಿ ಬಿಸಲಿಗೆ ಅಂಜತೈತೇನ ಬೇ?" ಎಂದು ಬೆನ್ನು ತಟ್ಟಿ ಕಳಿಸಿದೆ. ದೊಡ್ಡ ಪೆಟ್ಟೂ ಅಲ್ಲ, ತಾರಾ. ಎದುರಿನವಳ ಮೊಣಕೈ ತಾಗಿತು, ಅಷ್ಟೇ. ಕುಸಿದವಳು ಹನ್ನೊಂದು ದಿನ ಕಣ್ಣು ತೆರೆಯಲಿಲ್ಲ.

ಈಗ ಚಮಚ ತೋರಿಸಿದರೆ ಅದರ ಹೆಸರು ಬಾರದೆ ಅಳುತ್ತಾಳೆ. ಪ್ರತಿ ತಿಂಗಳೂ ತಂತಿ ಅಂಟಿಸುತ್ತಾರೆ. ಮೊದಲಿನಂತೆ ಆಗುತ್ತಾಳೆಯೇ ಎಂದರೆ ಡಾಕ್ಟರು ಪರದೆಯನ್ನೇ ನೋಡುತ್ತಾರೆ, ನನ್ನ ಮುಖ ನೋಡುವುದಿಲ್ಲ.

ಮಗಳನ್ನು ಜಮಖಂಡಿಗೆ ಒಯ್ಯುತ್ತೇನೆಂದು ನೀನು ಅತ್ತಾಗ ಕೊಡಲಿಲ್ಲ. ಈಗ ಬಾ, ಒಯ್ಯಿ. ನಾನು ಕೋಣೆಯೊಳಗೆ ಹೋದರೆ ಸಾಕು, ಅವಳು ಎರಡೂ ಕೈಗಳಿಂದ ತಲೆ ಮುಚ್ಚಿಕೊಳ್ಳುತ್ತಾಳೆ.

ನಿನ್ನ ಕ್ಷಮೆಗೆ ಯೋಗ್ಯನಲ್ಲದ,
ಧರ್ಮರಾಜ

ತಾ.ಕ.: ಮೇಲೆ ಒಂದು ಸುಳ್ಳಿದೆ. ಎಣ್ಣೆ ತಿಕ್ಕಿದ್ದು ಅವ್ವನಲ್ಲ, ನಾನು. ಚೀಟಿ ಓದಿಯೇ ತಿಕ್ಕಿದೆ. ಪರೀಕ್ಷೆ ಆದರೆ ಕುಸ್ತಿ ಬೇಡವೆಂದಾರು ಎಂಬ ಅಂಜಿಕೆ. ಎಲ್ಲರಿಗೂ ಅವ್ವನ ಹೆಸರು ಹೇಳಿದೆ. ಎಂಬತ್ತರ ಮುದುಕಿ, ಮರೆವು ಬೇರೆ. ತಾನೇ ಹಚ್ಚಿದೆನೆಂದು ನಂಬಿದ್ದಾಳೆ. "ಈ ಕೈಯಾಗ ಕೂಸು ಹಾಳಾತೋ," ಎಂದು ಆ ಕೈಯಿಂದ ಉಣ್ಣುವುದನ್ನೇ ಬಿಟ್ಟಿದ್ದಾಳೆ. ದಿನಾ ನಾನೇ ತುತ್ತು ಇಡುತ್ತೇನೆ. ಇನ್ನೂ ಹೇಳಿಲ್ಲ.